ಬಿಟ್ಟಿದ್ದ ಮಾತ್ರೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 53 ವರ್ಷ. ಮುಟ್ಟು ನಿಂತು ಎರಡು ವರ್ಷವಾಗಿತ್ತು. ನಿದ್ದೆ ಬರುವುದಿಲ್ಲ, ಮನೆಯವರ ಮೇಲೆ ಸುಮ್ನೆ ರೇಗುತ್ತೇನೆ ಎಂದು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದಿದ್ದರು. ಮೊದಲು ರಾತ್ರಿಯೆಲ್ಲ ಮೈ ಬಿಸಿಯೇರಿ, ಬೆವರಿ, ಎದ್ದು ಬಟ್ಟೆ ಬದಲಿಸಬೇಕಿತ್ತಂತೆ. ವೈದ್ಯರು ಹಾರ್ಮೋನ್ ಮಾತ್ರೆ ಕೊಟ್ಟು ಐದು ತಿಂಗಳಾಗಿತ್ತು.

"ಬೆವರು ಕಡಿಮೆಯಾಯ್ತು ಮೇಡಂ. ಈಗ ಹೆದರಿಕೆಗೆ ನಿದ್ದೆ ಬರಲ್ಲ."

ಹೆದರಿಕೆ ಸ್ತನ ಕ್ಯಾನ್ಸರಿನದು. ಎರಡು ಹಾರ್ಮೋನ್ ಸೇರಿದರೆ ಅಪಾಯ ಜಾಸ್ತಿ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದರು. ಅದಕ್ಕೆ ಇವರೇ ಒಂದು ದಾರಿ ಕಂಡುಕೊಂಡಿದ್ದರು: ಈಸ್ಟ್ರೋಜನ್ ನುಂಗುವುದು, ಪ್ರೊಜೆಸ್ಟರಾನ್ ಬಿಡುವುದು. ಎರಡು ತಿಂಗಳಿಂದ ಹೀಗೇ ನಡೆದಿತ್ತು. ಬೈಯುತ್ತಾರೆಂದು ವೈದ್ಯರಿಗೆ ಹೇಳಿರಲಿಲ್ಲ.

ಔಷಧಿ ಬದಲಿಸುವುದು ನನ್ನ ಕೆಲಸವಲ್ಲ. ಆದರೂ ಸುಮ್ಮನಿರಲು ಆಗಲಿಲ್ಲ. ಗರ್ಭಕೋಶ ತೆಗೆಸಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಅದರ ಒಳಪೊರೆ ದಪ್ಪವಾಗಬಹುದು, ಅಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಏರುತ್ತದೆ. ಅದನ್ನು ತಡೆಯಲೆಂದೇ ಕೊಟ್ಟಿದ್ದ ಮಾತ್ರೆಯನ್ನು ಇವರು ಬಿಟ್ಟಿದ್ದರು.

ಅವರ ಮುಖ ಬಿಳಿಚಿಕೊಂಡಿತು. ನೀರು ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು, "ರಕ್ತ ಏನಾದರೂ ಕಂಡಿತ್ತಾ?" ಎಂದೆ. ಇಲ್ಲವಂತೆ. ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು ಎಂದೆ. ನನ್ನೆದುರೇ ಫೋನ್ ಮಾಡಿ ವೈದ್ಯರ ಭೇಟಿಗೆ ಸಮಯ ಕೇಳಿದರು.

ಅಕ್ಕನ ಮಾತು ಸುಳ್ಳೇನಲ್ಲ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಎರಡೂ ಹಾರ್ಮೋನ್ ಕೊಡುತ್ತಿದ್ದ ಭಾಗವನ್ನು ನಡುವೆಯೇ ನಿಲ್ಲಿಸಿದರು. ವರ್ಷಕ್ಕೆ 10,000 ಹೆಂಗಸರಲ್ಲಿ 30 ಜನರಿಗೆ ಬರುತ್ತಿದ್ದ ಸ್ತನ ಕ್ಯಾನ್ಸರ್, ಮಾತ್ರೆ ತೆಗೆದುಕೊಂಡವರಲ್ಲಿ 38 ಜನರಿಗೆ ಬಂದಿತ್ತು. ಆದರೆ ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63, ಇವರಿಗಿಂತ ಹತ್ತು ವರ್ಷ ಹೆಚ್ಚು. ಮುಟ್ಟು ನಿಂತು 10 ವರ್ಷದೊಳಗೆ, 60 ದಾಟುವ ಮೊದಲು ಶುರುಮಾಡಿದ ಆರೋಗ್ಯವಂತರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು ಎನ್ನುತ್ತಾರೆ ತಜ್ಞರು. ಸ್ತನ ಕ್ಯಾನ್ಸರ್ ಆಗಿದ್ದವರ, ರಕ್ತ ಹೆಪ್ಪುಗಟ್ಟಿದ್ದವರ ಮಾತು ಬೇರೆ.

ಇದನ್ನೆಲ್ಲ ಕಾಗದದಲ್ಲಿ ಬರೆದು ತೋರಿಸಿದೆ. ಅವರು ನೋಡುತ್ತಾ ಕೂತರು.

"ಆ ಎಂಟು ಜನರಲ್ಲಿ ನಾನೂ ಒಬ್ಬಳಾದರೆ?"

ಈ ಪ್ರಶ್ನೆಗೆ ಯಾವ ಅಂಕಿಯೂ ಉತ್ತರ ಕೊಡುವುದಿಲ್ಲ. ಹಾಗೆಂದೇ ಹೇಳಿದೆ. ಬೇಡ ಎನಿಸಿದರೆ ವೈದ್ಯರಿಗೆ ಹೇಳಿ ಪೂರ್ತಿ ನಿಲ್ಲಿಸಬಹುದು, ಬೆವರು ಮರಳಿದರೆ ಹಾರ್ಮೋನ್ ಇಲ್ಲದ ಔಷಧಿಗಳಿವೆ, ಯೋಚನೆಯ ರೀತಿ ಬದಲಿಸುವ ಥೆರಪಿಯಿಂದಲೂ ಎಷ್ಟೋ ಜನರಿಗೆ ತಡೆದುಕೊಳ್ಳುವುದು ಸುಲಭವಾಗಿದೆ. ಆದರೆ ಅರ್ಧ ಮುಚ್ಚಿಟ್ಟು ಅರ್ಧ ನುಂಗುವುದು ಮಾತ್ರ ಬೇಡ. ವೈದ್ಯರಿಗೆ ಮೊದಲು "ಬಿಟ್ಟಿದ್ದೆ" ಎಂದು ನೇರವಾಗಿ ಹೇಳಿ. ಆಮೇಲೆ ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಯಾವಾಗ ಎಂದು ಕೇಳಿ. ಈಸ್ಟ್ರೋಜನ್ ಮಾತ್ರೆ ಬದಲು ಚರ್ಮಕ್ಕೆ ಅಂಟಿಸುವ ಪ್ಯಾಚ್ ಆಗುತ್ತದಾ ಎಂದೂ ಕೇಳಿ, ಅದರಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ.

ಎರಡು ವಾರ ಬಿಟ್ಟು ಬಂದರು. ವೈದ್ಯರು ಬೈಯಲಿಲ್ಲವಂತೆ. ಸ್ಕ್ಯಾನಿನಲ್ಲಿ ಒಳಪೊರೆ ಸರಿಯಾಗಿತ್ತು. ಈಗ ಪ್ಯಾಚ್ ಹಾಕಿಕೊಳ್ಳುತ್ತಾರೆ, ಪ್ರೊಜೆಸ್ಟರಾನ್ ಮಲಗುವಾಗ ತೆಗೆದುಕೊಳ್ಳುತ್ತಾರೆ. ಹೆದರಿಕೆ ಪೂರ್ತಿ ಹೋಗಿಲ್ಲ. ಮುಂದಿನ ಸಲ ಅಕ್ಕನನ್ನೂ ಕರೆದುಕೊಂಡು ಬರುತ್ತಾರಂತೆ.