ಹಳ್ಳ ಇದ್ದರೆ ಮೊದಲು ಬಕೆಟ್ ಹಿಡಿದು ಅಳೆಯಿರಿ

ಮಲೆನಾಡಿನ ಮನೆ, ಹಿಂದೆ ಹಳ್ಳ, ಮಳೆಗಾಲದಲ್ಲಿ ಕರೆಂಟ್ ಇರಲ್ಲ. ಸೋಲಾರ್ ಹಾಕಿಸಲಾ, ಹಳ್ಳದ ನೀರಿಂದ ಕರೆಂಟ್ ತೆಗೆಯುವ ಪುಟ್ಟ ಟರ್ಬೈನ್ ಕೂರಿಸಲಾ ಅಂತ ಕೇಳಿದ್ದೀರಿ. ನನ್ನ ಮಾತು ಟರ್ಬೈನ್ ಕಡೆಗೆ. ಮೋಡ ಕವಿದು ಪ್ಯಾನೆಲ್ ಸೊರಗುವ ಹೊತ್ತಿಗೇ ಹಳ್ಳ ತುಂಬಿ ಹರಿಯುತ್ತದೆ, ಅಲ್ವಾ?

ಆದರೆ ಸುಮ್ನೆ ಕೊಳ್ಳಬೇಡಿ, ಅಳೆಯಿರಿ. ಹಳ್ಳದ ನೀರನ್ನು ಪೈಪಿಗೆ ತಿರುಗಿಸಿ 20 ಲೀಟರ್ ಬಕೆಟ್‌ಗೆ ಬಿಡಿ. 4 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್. ನೀರು ಬೀಳುವ ಎತ್ತರ 20 ಮೀಟರ್ ಇದ್ದರೆ ಲೆಕ್ಕಕ್ಕೆ ಸುಮಾರು 980 ವಾಟ್. ಅರ್ಧ ಕೈಗೆ ಸಿಕ್ಕರೂ ಬಲ್ಬು, ಫ್ಯಾನ್, ಟಿವಿಗೆ ಧಾರಾಳ. ಹಗಲೂ ರಾತ್ರಿ ಬರುತ್ತದೆ, ದೊಡ್ಡ ಬ್ಯಾಟರಿ ಬೇಕಿಲ್ಲ. ಮಿಕ್ಕ ಕರೆಂಟನ್ನು ಹೀಟರ್ ಕಾಯಿಲ್‌ಗೆ ತಿರುಗಿಸುವ ಕಂಟ್ರೋಲರ್ ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ವೋಲ್ಟೇಜ್ ಏರಿ ಬಲ್ಬು ಸುಟ್ಟುಹೋಗುತ್ತವೆ.

ನಿಜವಾದ ತಲೆನೋವು ಎಲೆ. ನೀರು ಹಿಡಿಯುವ ಜಾಗದ ಜಾಲರಿಗೆ ಕೊಳೆತ ಎಲೆ, ಕಡ್ಡಿ ಮೆತ್ತಿಕೊಂಡು ಮನೆಯ ಬೆಳಕು ಮಂಕಾಗುತ್ತದೆ. ಸುರಿಯುವ ಮಳೆಯಲ್ಲೇ ಕೊಪ್ಪೆ ಹಾಕಿಕೊಂಡು ಹೋಗಿ ಬಳಿದು ಬರಬೇಕು. ಜಾರುವ ಬಂಡೆ, ಇಂಬಳದ ಕಾಟ ಬೇರೆ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದರೆ ದಯವಿಟ್ಟು ಸೋಲಾರನ್ನೇ ಹಾಕಿಸಿ.

ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ ಅಂದರೆ ಜೊತೆಗೊಂದು ಚಿಕ್ಕ ಪ್ಯಾನೆಲ್ ಇರಲಿ. ಆಗ ಬಿಸಿಲಿಗೇನೂ ಬರವಿಲ್ಲ.