ಹಡಗು ಹತ್ತುವ ಕಂದ: ಊಟ, ನಿದ್ದೆ, ಬಿಸಿನೀರು

ಪ್ರಶ್ನೆ: ನಮ್ಮ ಮಗಳಿಗೆ 10 ತಿಂಗಳು. ಸಿಂಗಾಪುರದಿಂದ ಹೊರಡುವ 4 ರಾತ್ರಿಯ ಕ್ರೂಸ್ ಬುಕ್ ಮಾಡಿದ್ದೇವೆ. ರಾಗಿ ಸರಿ, ಮೆತ್ತಗಿನ ಅನ್ನ ಬಿಟ್ಟರೆ ಅವಳು ಬೇರೇನೂ ಸರಿಯಾಗಿ ತಿನ್ನುವುದಿಲ್ಲ. ಕೆಟಲ್ಲು, ಪುಟ್ಟ ಕರೆಂಟ್ ಕುಕ್ಕರ್ ತಗೊಂಡು ಹೋಗೋಣ ಅಂತಾರೆ ನಮ್ಮತ್ತೆ. ಹಡಗಲ್ಲಿ ಎಲ್ಲ ಸಿಗುತ್ತೆ, ಸುಮ್ನೆ ಬಾ ಅಂತಾರೆ ನಮ್ಮನೆಯವರು. ಯಾರ ಮಾತು ಕೇಳಲಿ? ರಾತ್ರಿ ಊಟ ಎರಡು ಪಂಕ್ತಿಯಂತೆ, ಯಾವುದು ತಗೊಳ್ಳಲಿ?
- ಓದುಗರು, ಬನಶಂಕರಿ

ಉತ್ತರ: ಕೆಟಲ್ಲು, ಕುಕ್ಕರ್ ಎರಡೂ ಮನೆಯಲ್ಲೇ ಇರಲಿ. ಬೆಂಕಿಯ ಭಯಕ್ಕೆ ಇಂಥವನ್ನೆಲ್ಲ ಹಡಗಿನವರು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ, ಇಳಿಯುವಾಗ ವಾಪಸ್ ಕೊಡುತ್ತಾರೆ. ಹಾಗಂತ ನಿಮ್ಮತ್ತೆಯ ಯೋಚನೆ ತಪ್ಪಲ್ಲ. ಹಡಗಲ್ಲಿ ಊಟಕ್ಕೆ ಬರವಿಲ್ಲ, ಮಗು ಕೇಳಿದ ಹೊತ್ತಿಗೆ ಕೈಗೆ ಬಿಸಿನೀರು ಸಿಗುವುದೇ ಕಷ್ಟ. ಅದಕ್ಕೆ ಒಂದು ಲೀಟರ್ ಹಿಡಿಯುವ ಒಳ್ಳೆಯ ಸ್ಟೀಲ್ ಫ್ಲಾಸ್ಕ್ ಸಾಕು. ಬಫೆ ಊಟದ ಜಾಗದಲ್ಲಿ ಟೀ, ಕಾಫಿಗೆ ಅಂತ ಬಿಸಿನೀರು ಇಟ್ಟಿರುತ್ತಾರೆ. ಫ್ಲಾಸ್ಕನ್ನು ನಲ್ಲಿಗೆ ಒಡ್ಡಬೇಡಿ, ಅಲ್ಲಿರುವವರ ಕೈಲಿ ತುಂಬಿಸಿಕೊಳ್ಳಿ. ಬೆಳಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ. ಇದು ನಿಮ್ಮನೆಯವರ ಡ್ಯೂಟಿ ಅಂತ ಈಗಲೇ ಹೇಳಿಬಿಡಿ.

ಇನ್ನು ರಾಗಿ ಸರಿ. ಅದನ್ನು ಒಲೆಯ ಮೇಲೆ ಕೈಯಾಡಿಸುತ್ತಾ ಬೇಯಿಸಲೇಬೇಕು ಅಲ್ವಾ. ಫ್ಲಾಸ್ಕಿನ ನೀರು ಹುಯ್ದು ಕಲಸಿದರೆ ಗಂಟು ಗಂಟಾಗಿ, ಗಂಟಿನೊಳಗೆ ಹಸಿಹಿಟ್ಟು ಹಾಗೇ ಉಳಿಯುತ್ತದೆ, ಮಗುವಿನ ಹೊಟ್ಟೆ ಕೆಡುತ್ತದೆ. ಅದರ ಬದಲು ಅವಲಕ್ಕಿ ಪುಡಿ ಒಯ್ಯಿರಿ. ತೆಳು ಅವಲಕ್ಕಿ, ಸ್ವಲ್ಪ ಹುರಿಗಡಲೆ, ಗರಿಗರಿಯಾಗಿ ಹುರಿದು ನುಣ್ಣಗೆ ಪುಡಿ ಮಾಡಿದ್ದು. ಎರಡು ಚಮಚ ಪುಡಿಗೆ ಸುಡುಸುಡು ನೀರು ಹಾಕಿ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಐದು ನಿಮಿಷಕ್ಕೆ ಉಬ್ಬಿ ಮೆತ್ತಗಾಗುತ್ತದೆ, ಮೇಲೆ ಅರ್ಧ ಬಾಳೆಹಣ್ಣು ಕಿವುಚಿ ಹಾಕಿದರೆ ಆಯಿತು, ಸಕ್ಕರೆಯೂ ಬೇಡ, ಉಪ್ಪೂ ಬೇಡ. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಲವು ಹಡಗಿನವರು ಒಳಗೆ ಬಿಡುವುದಿಲ್ಲ. ಮಗುವಿನ ಆಹಾರಕ್ಕೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ, ಆದರೂ ಸೀಲ್ ಇರುವ ಪ್ಯಾಕೆಟ್ ಆದರೆ ತಪಾಸಣೆಯವರ ಜೊತೆ ವಾದ ಮಾಡುವ ಕೆಲಸ ತಪ್ಪುತ್ತದೆ. ಗಾಂಧಿ ಬಜಾರಿನ ಕಡೆ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಒಂದು ವಾರ ಮುಂಚೆಯೇ ಮನೆಯಲ್ಲಿ ತಿನ್ನಿಸಿ ನೋಡಿ. ಹೊಸ ತಿಂಡಿಯ ಪ್ರಯೋಗ ಸಮುದ್ರದ ಮಧ್ಯೆ ಬೇಡವೇ ಬೇಡ.

ಬಫೆಯಲ್ಲಿ ಅನ್ನ, ಮೊಸರು, ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ, ಓಟ್ಸ್ ಗಂಜಿ ಸಾಮಾನ್ಯವಾಗಿ ಇರುತ್ತವೆ. ಸಿಂಗಾಪುರದಿಂದ ಹೊರಡುವ ಹಡಗುಗಳಲ್ಲಿ ನಮ್ಮವರು ಜಾಸ್ತಿ, ಹಾಗಾಗಿ ದಾಲ್ ಕೂಡ ಇರುತ್ತದೆ. ಆದರೆ ಅದು ದೊಡ್ಡವರ ನಾಲಿಗೆಗೆ ಮಾಡಿದ್ದು. ಒಂದು ವರ್ಷದ ಒಳಗಿನ ಮಗುವಿಗೆ ಬೇರೆಯಾಗಿ ಉಪ್ಪು ಸೇರಿಸಬಾರದು ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ, ಜೇನುತುಪ್ಪವಂತೂ ಮುಟ್ಟಿಸಲೇಬಾರದು. ಮೊದಲ ರಾತ್ರಿಯೇ ಹೆಡ್ ವೇಟರ್ ಹತ್ತಿರ ಮಾತಾಡಿ: ಉಪ್ಪು, ಖಾರ, ಒಗ್ಗರಣೆ ಏನೂ ಇಲ್ಲದೆ ಬೇಳೆ, ಅನ್ನ ಮೆತ್ತಗೆ ಬೇಯಿಸಿ ಕೊಡಿ ಅಂತ. ಆ ಕ್ಷಣಕ್ಕೆ ಕೇಳಿದರೆ ಅಡುಗೆಮನೆಗೆ ಕಷ್ಟ, ಹಿಂದಿನ ದಿನವೇ ಹೇಳಿದರೆ ಸಾಮಾನ್ಯವಾಗಿ ಮಾಡಿಕೊಡುತ್ತಾರೆ. ನಿಮ್ಮ ಹಾಲು ಕುಡಿಯುತ್ತಿದ್ದರೆ ಆ ನಾಲ್ಕು ದಿನ ಧಾರಾಳವಾಗಿ ಕುಡಿಸಿ. ಅನ್ನ ಎರಡು ತುತ್ತು ಕಮ್ಮಿ ತಿಂದಳು ಅಂತ ಕೊರಗಬೇಡಿ. ಪುಡಿ ಹಾಲಾದರೆ ಕುಡಿಸುವ ಹೊತ್ತಿಗೇ ಕಲಸಿ, ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲಿಬಿಡಿ.

ಈಗ ಪಂಕ್ತಿಯ ವಿಷಯ. ಮಗು ಇದ್ದರೆ ಮೊದಲ ಪಂಕ್ತಿ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಬೆಂಗಳೂರಿನ ಮಗುವಿಗೆ ನಾನು ಹೇಳುವುದು ಎರಡನೆಯದು. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಸಂಜೆ 6ಕ್ಕೆ ಊಟಕ್ಕೆ ಕರೆದಾಗ ನಿಮ್ಮ ಮಗಳ ಹೊಟ್ಟೆಗೆ ಇನ್ನೂ ಮಧ್ಯಾಹ್ನ ಮೂರೂವರೆ, ಬಹುಶಃ ನಿದ್ದೆಯ ಹೊತ್ತು. ಎಂಟೂವರೆಯ ಪಂಕ್ತಿ ಅಂದರೆ ಅವಳಿಗೆ ಸಂಜೆ 6, ಆಡಿಕೊಂಡು ಗೆಲುವಾಗಿರುವ ಸಮಯ. ನಾಲ್ಕು ದಿನಕ್ಕೋಸ್ಕರ ಅವಳ ನಿದ್ದೆಯ ಹೊತ್ತನ್ನು ಬದಲಾಯಿಸಲು ಹೋಗಬೇಡಿ, ಅದು ಸರಿಹೋಗುವಷ್ಟರಲ್ಲಿ ಊರಿಗೆ ವಾಪಸ್ ಬಂದಿರುತ್ತೀರಿ, ಆಮೇಲೆ ಇಲ್ಲಿ ಮತ್ತೆ ಅದೇ ಗೋಳು. ಇದರಿಂದ ಬೆಳಗ್ಗೆ ಒಂದು ತೊಂದರೆ ಇದೆ. ಏಳಕ್ಕೆ ಏಳುವ ಮಗು ಅಲ್ಲಿ ಒಂಬತ್ತೂವರೆಗೆ ಏಳುತ್ತದೆ, ಅಷ್ಟೊತ್ತಿಗೆ ತಿಂಡಿ ಮುಗಿಯುತ್ತಾ ಬಂದಿರುತ್ತದೆ. ಒಬ್ಬರು ಮೊದಲೇ ಹೋಗಿ ತಿಂದು, ಒಂದು ಬಟ್ಟಲು ಗಂಜಿ, ಬಾಳೆಹಣ್ಣು ರೂಮಿಗೆ ತಂದರೆ ಸರಿಹೋಗುತ್ತದೆ.

ರೂಮಿನ ಮಾತು ಬೇಗ ಮುಗಿಸುತ್ತೇನೆ. ತೊಟ್ಟಿಲು ಬೇಕು ಅಂತ ಈಗಲೇ ಬರೆದು ಕೇಳಿ, ಅಲ್ಲಿಗೆ ಹೋಗಿ ಕೇಳಿದರೆ ಇರುತ್ತದೆ ಅನ್ನುವ ಹಾಗಿಲ್ಲ. ಕೆಳಗಿನ ಡೆಕ್ಕು, ಹಡಗಿನ ನಡುಭಾಗ, ಅಲ್ಲಿ ಓಲಾಟ ಕಮ್ಮಿ. ಎರಡು ವರ್ಷದೊಳಗಿನ ಮಕ್ಕಳಿಗೆ ಓಲಾಟಕ್ಕೆ ವಾಂತಿ ಬರುವುದು ಅಪರೂಪ. ಬಸ್ಸಿಗೆ ಅಂತ ನೀವು ನುಂಗುವ ವಾಂತಿ ಮಾತ್ರೆಯ ಚೂರನ್ನು ಮಾತ್ರ ಅವಳಿಗೆ ಕೊಡಬೇಡಿ, ಅಂಥ ಕೆಲವು ಮಾತ್ರೆ ಎರಡು ವರ್ಷದೊಳಗೆ ಅಪಾಯ. ಎದೆಹಾಲು ಕುಡಿಸುತ್ತಿದ್ದರೆ ನೀವೂ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಹಡಗಿನ ಬಚ್ಚಲು ಚಿಕ್ಕದು, ಬಕೆಟ್ಟೂ ಇರುವುದಿಲ್ಲ. ಅತ್ತೆಯವರು ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿ ನೀರೆರೆಯುವುದು ಅಲ್ಲಿ ಬೇಡ. ಎಣ್ಣೆ, ಒದ್ದೆ ನೆಲ, ಓಲಾಡುವ ಹಡಗು, ಮೂರೂ ಒಟ್ಟಿಗೆ ಅಂದರೆ ಅತ್ತೆಯೂ ಮಗುವೂ ಜಾರುತ್ತಾರೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಸಾಕು.

ಡಯಾಪರ್ ಹಾಕುವ ಮಗುವನ್ನು ದೊಡ್ಡ ಈಜುಕೊಳಕ್ಕೆ ಸಾಮಾನ್ಯವಾಗಿ ಬಿಡುವುದಿಲ್ಲ, ಈಜಿನ ಡಯಾಪರ್ ಹಾಕಿದರೂ ಅಷ್ಟೇ. ಕೆಲವು ಹಡಗಲ್ಲಿ ಮಕ್ಕಳಿಗೇ ಬೇರೆ ನೀರಾಟದ ಜಾಗ ಇರುತ್ತದೆ, ಕೇಳಿ ನೋಡಿ. ಇನ್ನೊಂದು, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಹಡಗಲ್ಲಿ ಹರಡುವ ವಾಂತಿಭೇದಿಗೆ ಎಷ್ಟೋ ಸಲ ನೊರೊವೈರಸ್ ಕಾರಣ, ಅದು ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗುವುದಿಲ್ಲ. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಹಡಗಿನ ಡಾಕ್ಟರ ಬಿಲ್ ಕೈಸುಡುತ್ತದೆ, ಇನ್ಶೂರೆನ್ಸ್‌ನಲ್ಲಿ ಮಗುವಿನ ಹೆಸರಿದೆಯಾ ನೋಡಿ.

ಪ್ರಶ್ನೆ: ಮುಂಬೈನಿಂದ ಲಕ್ಷದ್ವೀಪಕ್ಕೆ ಹಡಗಲ್ಲಿ ಹೋಗುವ ಆಸೆ. ಮಗುವಿಗೆ ಇನ್ನೂ 5 ತಿಂಗಳು. ಕರೆದುಕೊಂಡು ಹೋಗಬಹುದಾ?
- ಓದುಗರು, ಯಲಹಂಕ

ಉತ್ತರ: ಸ್ವಲ್ಪ ತಡೆಯಿರಿ. ಹೆಚ್ಚಿನ ಕಂಪನಿಗಳು 6 ತಿಂಗಳಾಗದ ಮಗುವನ್ನು ಹತ್ತಿಸಿಕೊಳ್ಳುವುದಿಲ್ಲ. ಬುಕ್ ಮಾಡುವ ದಿನ ಎಷ್ಟು ವಯಸ್ಸು ಅನ್ನುವುದು ಮುಖ್ಯವಲ್ಲ, ಹಡಗು ಹೊರಡುವ ದಿನದ ಲೆಕ್ಕ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ, ದೂರದಲ್ಲೇ ನಿಲ್ಲಿಸಿ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಅಲ್ಲಿ ಸ್ಟ್ರಾಲರ್ ಉಪಯೋಗಕ್ಕೆ ಬರುವುದಿಲ್ಲ, ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಬೇಕು. ಮಳೆಗಾಲದಲ್ಲಂತೂ ಅರಬ್ಬಿ ಸಮುದ್ರದ ಕಡೆ ಹೋಗಬೇಡಿ. ಡಿಸೆಂಬರ್, ಜನವರಿ ಒಳ್ಳೆಯದು.

ಪ್ರಶ್ನೆ: ಮಗ, ಸೊಸೆ ನನ್ನನ್ನೂ ಕ್ರೂಸಿಗೆ ಕರೆಯುತ್ತಿದ್ದಾರೆ. ರೂಮಲ್ಲಿ ಮೊಮ್ಮಗನನ್ನು ಹಿಡಿದುಕೊಂಡು ಕೂರುವುದಕ್ಕೇ ಅಂತ ನನ್ನ ಗುಮಾನಿ. ಏನು ಹೇಳಲಿ?
- ಒಬ್ಬ ಅಜ್ಜಿ, ಮಲ್ಲೇಶ್ವರ

ಉತ್ತರ: ಗುಮಾನಿ ಸರಿಯೇ ಇರಬಹುದು ಅಮ್ಮಾ, ಆದರೂ ಹೋಗಿ ಬನ್ನಿ. ಟಿಕೆಟ್ ಮಾಡಿಸುವ ಮುಂಚೆ ನಗುನಗುತ್ತಾ ಎರಡು ಮಾತು ಹೇಳಿಬಿಡಿ. ಒಂದು, ನಿಮಗೆ ಬೇರೆ ರೂಮು ಬೇಕು, ಅವರ ರೂಮಿನ ಪಕ್ಕದ್ದೇ, ನಡುವೆ ಬಾಗಿಲು ಇರುವಂಥದ್ದು ಸಿಗುತ್ತದೆ. ಎರಡು, ರಾತ್ರಿ ಷೋಗೆ ಒಂದು ದಿನ ಅವರು, ಮಾರನೆಯ ದಿನ ನೀವು. ಹಗಲು ಮಗು ಮಲಗಿದಾಗ ನೀವು ಮೇಲಿನ ಡೆಕ್ಕಿಗೆ ಹೋಗಿ ಕಾಫಿ ಕುಡಿದು ಬನ್ನಿ, ಒಂದು ಶಾಲು ಇರಲಿ, ಗಾಳಿ ಜೋರು.