ಬರಬೇಕಾದ ಸರಕು ಬಾಕಿ ಉಳಿದಾಗ ಮಾರಾಟಗಾರರಿಗೆ ಕನ್ನಡದಲ್ಲಿ ವ್ಯವಹಾರ ಪತ್ರ ಬರೆಯುವುದು ಹೇಗೆ?

ಎಡಬದಿಯಲ್ಲಿ ‘ಇಂದ’ ಎಂದು ನಿಮ್ಮ ಸಂಸ್ಥೆಯ ವಿಳಾಸವನ್ನೂ ಅದರ ಕೆಳಗೆ ‘ಗೆ’ ಎಂದು ಪಡೆಯುವವರ ಹುದ್ದೆ, ವಿಳಾಸಗಳನ್ನೂ ಬರೆದು, ‘ಮಾನ್ಯರೇ’ ಎಂಬ ಸಂಬೋಧನೆಯ ನಂತರ ವಿಷಯ ಮತ್ತು ಉಲ್ಲೇಖಗಳನ್ನು ನಮೂದಿಸುವುದು ರೂಢಿ. ನನ್ನ ದೃಷ್ಟಿಯಲ್ಲಿ ಪತ್ರದ ಜೀವವಿರುವುದು ಈ ಎರಡು ಸಾಲುಗಳಲ್ಲಿಯೇ. ‘ಸರಕಿನ ಬಗ್ಗೆ’ ಎಂದಷ್ಟೇ ಬರೆದರೆ ಕಡತ ಹುಡುಕುವವರಿಗೆ ಏನೂ ತಿಳಿಯದು. ಬದಲಿಗೆ ‘ಬಾಕಿ ಇರುವ 20 ಪೆಟ್ಟಿಗೆ ನೋಟುಪುಸ್ತಕಗಳನ್ನು ಕಳುಹಿಸುವ ಕುರಿತು’ ಎಂದು ಬರೆದು, ಉಲ್ಲೇಖದಲ್ಲಿ ಖರೀದಿ ಆದೇಶದ ಸಂಖ್ಯೆಯನ್ನೂ ದಿನಾಂಕವನ್ನೂ ಕೊಟ್ಟರೆ, ಒಡಲನ್ನು ಓದುವ ಮೊದಲೇ ಅವರಿಗೆ ವಿಚಾರ ಸ್ಪಷ್ಟವಾಗಿರುತ್ತದೆ. ಒಡಲಿನಲ್ಲಿ ನಡೆದದ್ದನ್ನು ಹೇಳಿ, ಯಾವ ದಿನದೊಳಗೆ ಏನಾಗಬೇಕೆಂದು ತಿಳಿಸಿ. ಕೋಪ ಎಷ್ಟಿದ್ದರೂ ‘ತಾವು’ ಎಂಬ ಗೌರವರೂಪವನ್ನು ಬಿಡಬೇಡಿ. ‘ವಂದನೆಗಳೊಂದಿಗೆ, ತಮ್ಮ ವಿಶ್ವಾಸಿ’ ಎಂದು ಮುಗಿಸಿ ಸಹಿ, ಹೆಸರು, ಹುದ್ದೆಗಳನ್ನು ಬರೆಯಿರಿ. ಸ್ಥಳ, ದಿನಾಂಕಗಳು ಎಡಕ್ಕಿರಲಿ. ಬಿಲ್ಲಿನ ಪ್ರತಿ ಜೊತೆಗಿದ್ದರೆ ‘ಲಗತ್ತು’ ಎಂದು ಕೊನೆಯಲ್ಲಿ ನಮೂದಿಸಿ.